ಜನ ಹೆಚ್ಚಿದ್ದೆಲ್ಲಿ, ನೀರು ಹೋದದ್ದೆಲ್ಲಿ?

ಪತ್ರ: “ಬೆಂಗಳೂರಿನಲ್ಲಿ ಕುಡಿಯಲು ನೀರಿಲ್ಲ, ರಸ್ತೆಯಲ್ಲಿ ಕಾಲಿಡಲು ಜಾಗವಿಲ್ಲ. ಎಲ್ಲಕ್ಕೂ ಮೂಲ ಜನಸಂಖ್ಯಾ ಸ್ಫೋಟ. ಎರಡಕ್ಕಿಂತ ಹೆಚ್ಚು ಮಕ್ಕಳಿರುವ ಕುಟುಂಬಕ್ಕೆ ರೇಷನ್ ನಿಲ್ಲಿಸುವ ಕಾನೂನು ಬರಲಿ. ಅದಕ್ಕಾಗಿ ನಿಮ್ಮ ಪತ್ರಿಕೆ ಅಭಿಯಾನ ನಡೆಸಬಾರದೇಕೆ?”
– ಓದುಗರೊಬ್ಬರು, ತುಮಕೂರು

ಉತ್ತರ: ನಿಮ್ಮ ಸಂಕಟ ನಿಜ, ನೀವು ಹುಡುಕಿದ ಅಪರಾಧಿ ಮಾತ್ರ ಬೇರೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಇದ್ದಷ್ಟೇ ಉಳಿಯಲು 2.1 ಬೇಕು. ಹಿಂದಿನ ದೊಡ್ಡ ತಲೆಮಾರು ಈಗ ಹೆರುವ ವಯಸ್ಸಿನಲ್ಲಿರುವುದರಿಂದ ಒಟ್ಟು ಸಂಖ್ಯೆ ಇನ್ನೂ ಕೆಲಕಾಲ ಏರುತ್ತದೆ, ಒಪ್ಪುತ್ತೇನೆ. ಕಾನೂನು ತಂದರೂ ಆ ಏರಿಕೆ ನಿಲ್ಲದು.

ಬೆಂಗಳೂರು ತುಂಬಿದ್ದು ಹೆರಿಗೆ ವಾರ್ಡುಗಳಿಂದಲ್ಲ, ಮುಖ್ಯವಾಗಿ ಬಸ್ಸು ರೈಲುಗಳಿಂದ. 2001ರಿಂದ 2011ರವರೆಗೆ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ ಸುಮಾರು ಶೇ 47ರಷ್ಟು ಹೆಚ್ಚಿತು. ರಾಜ್ಯದ್ದು ಶೇ 16ರ ಆಸುಪಾಸು. ಅದೇ ದಶಕದಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ ಇದ್ದದ್ದಕ್ಕಿಂತ ಕಡಿಮೆಯಾಯಿತು! ಒಂದೂರಿಗೇ ಕೆಲಸವೆಲ್ಲ ಕೊಟ್ಟು, ಜನ ಬಂದರೆಂದು ಮೂಗು ಮುರಿದರೆ ಹೇಗೆ?

ಇನ್ನು ನೀರು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾದಾಗ, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾದಾಗ, ಊರಿನಲ್ಲಿ ಈಗಿನ ಅರ್ಧದಷ್ಟೂ ಜನರಿರಲಿಲ್ಲ. ಆಮೇಲೆ ಕೆರೆಗಳಿಗೆ ಮಳೆನೀರು ಒಯ್ಯುವ ರಾಜಕಾಲುವೆಗಳ ಮೇಲೆ ಬಡಾವಣೆ ಎದ್ದವು, ಶುದ್ಧೀಕರಿಸದ ಒಳಚರಂಡಿ ನೀರು ಬೆಳ್ಳಂದೂರು ಕೆರೆಗೆ ಹರಿಯಿತು. ಅಲ್ಲಿನ ನೊರೆ ಗಾಳಿಗೆ ಹಾರಿ ರಸ್ತೆಯಲ್ಲಿ ಹೋಗುವವರ ಮೈಗೆ ಮೆತ್ತಿಕೊಂಡಿತು, ಕೆರೆಗೇ ಬೆಂಕಿಯೂ ಬಿತ್ತು. ಈಗ ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಕಾವೇರಿಯನ್ನು ಸುಮಾರು ಅರ್ಧ ಕಿಲೋಮೀಟರ್ ಮೇಲಕ್ಕೆ ಎತ್ತಿ ತರುತ್ತಿದ್ದೇವೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿ ಟ್ಯಾಂಕರಿಗೆ ಕಾದ ಓಣಿಗಳಲ್ಲಿ ಯಾರ ಮನೆಯ ಮೂರನೆಯ ಮಗುವನ್ನು ಹೊಣೆ ಮಾಡೋಣ? ಅದರ ಅನ್ನ ಕಿತ್ತುಕೊಂಡರೆ ಯಾವ ಕೆರೆ ತುಂಬುತ್ತದೆ?

ಬಲವಂತದ ಸಂತಾನಹರಣ ಚಿಕಿತ್ಸೆಯ ರುಚಿಯನ್ನು ದೇಶ ತುರ್ತು ಪರಿಸ್ಥಿತಿಯಲ್ಲಿ ಕಂಡಿದೆ. ನಮ್ಮ ದಾರಿ ಬೇರೆಯಿತ್ತು: ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆದಿತ್ತು, ಕಾನೂನಿನ ಬೆದರಿಕೆ ಹಾಕಿರಲಿಲ್ಲ.

ಆದ್ದರಿಂದ ನೀವು ಕೇಳಿದ ಅಭಿಯಾನ ನಮ್ಮಿಂದಾಗದು. ನಡೆಸುವುದೇ ಆದರೆ ಗಂಡಸರಿಗಾಗಿ ನಡೆಸುತ್ತೇವೆ. ಅದೇ ಸಮೀಕ್ಷೆಯಂತೆ ರಾಜ್ಯದ ವಿವಾಹಿತೆಯರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಸಂತಾನಹರಣ ಆಪರೇಷನ್ ಮಾಡಿಸಿಕೊಂಡಿದ್ದಾರೆ. ಗಂಡಸರಿಗೆ ಅದು ಇನ್ನೂ ಸಣ್ಣ ಚಿಕಿತ್ಸೆ, ಹೊಟ್ಟೆ ಕೊಯ್ಯಬೇಕಿಲ್ಲ, ಅಂದೇ ಮನೆಗೆ ಹೋಗಬಹುದು. ಮಾಡಿಸಿಕೊಂಡವರು ಮಾತ್ರ ನೂರಕ್ಕೆ ಒಬ್ಬರೂ ಇಲ್ಲ.