ಒಂದೇ ಪೈಪಿನಲ್ಲಿ ಎರಡು ಲೈನ್ ಬೇಡ

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದೊಂದು ಸಣ್ಣ ನರ್ಸಿಂಗ್ ಹೋಮ್. ಈಗ ಹೊಸ ಓಟಿ, ಪಕ್ಕದಲ್ಲೇ ಐಸಿಯು ಕಟ್ಟಿಸುತ್ತಿದ್ದೇವೆ. ಜನರೇಟರ್ ಇದೆ, ಯುಪಿಎಸ್ ತರಿಸುತ್ತೇವೆ. ಎಮರ್ಜೆನ್ಸಿ ವೈರನ್ನು ಮಾಮೂಲಿ ವೈರಿನ ಪೈಪಿನಲ್ಲೇ ಎಳೆದರಾಯಿತು, ಬಣ್ಣ ಬೇರೆ ಇದ್ದರೆ ಸಾಕು ಅನ್ನುತ್ತಾರೆ ಎಲೆಕ್ಟ್ರಿಷಿಯನ್. ಸರಿನಾ? ಓಟಿಗೂ ಆರ್‌ಸಿಸಿಬಿ (ಕರೆಂಟು ಲೀಕ್ ಆದರೆ ಲೈನ್ ಕಡಿಯುವ ಸ್ವಿಚ್) ಹಾಕಿಸಬೇಕಾ?
– ಒಬ್ಬ ವೈದ್ಯರು

ಉತ್ತರ: ಬೇಡ ಡಾಕ್ಟ್ರೇ, ಒಂದೇ ಪೈಪು ಬೇಡವೇ ಬೇಡ. ಜೂನ್ ಮಳೆಗೆ ಮರ ಬಿದ್ದು ಮೆಸ್ಕಾಂ ಲೈನ್ ಹೋದರೆ ನಿಮ್ಮ ಜನರೇಟರ್ ಇದೆ. ಪೈಪಿನೊಳಗೇ ಮಾಮೂಲಿ ವೈರು ಶಾರ್ಟ್ ಆಗಿ ಸುಟ್ಟರೆ? ಪಕ್ಕದ ಎಮರ್ಜೆನ್ಸಿ ವೈರಿನ ಇನ್ಸುಲೇಷನ್ನೂ ಕರಗುತ್ತದೆ. ಹೊರಗೆ ಜನರೇಟರ್ ಗುಡುಗುಡು ಅಂತಿರುತ್ತದೆ, ಒಳಗೆ ಓಟಿ ಕತ್ತಲು. ನಮ್ಮ ಕಡೆ ಸ್ಲ್ಯಾಬು ಸೋರಿ ಜಂಕ್ಷನ್ ಬಾಕ್ಸಿಗೆ ನೀರಿಳಿಯುವುದು ಹೊಸತೇನಲ್ಲ ಅಲ್ವಾ? ಅಮೆರಿಕದ ಎಲೆಕ್ಟ್ರಿಕಲ್ ಕೋಡ್‌ನ 517ನೇ ವಿಧಿ ಇದರಲ್ಲಿ ಬಹಳ ಕಟ್ಟುನಿಟ್ಟು. ಜೀವರಕ್ಷಣೆಯ ಲೈನು ಬೇರೆ ವೈರಿನ ಜೊತೆ ಒಂದೇ ಪೈಪು, ಒಂದೇ ಬಾಕ್ಸು, ಒಂದೇ ಬೋರ್ಡಿಗೆ ಹೋಗುವಂತಿಲ್ಲ. ಚೇಂಜ್‌ಓವರ್, ಅಂದರೆ ಮಾಮೂಲಿ ಲೈನಿನಿಂದ ಜನರೇಟರ್‌ಗೆ ಬದಲಿಸುವ ಸ್ವಿಚ್, ಅಂಥ ಕೆಲವು ಕಡೆ ಮಾತ್ರ ವಿನಾಯಿತಿ.

ಎಲ್ಲರೂ ಮರೆಯುವುದು ನ್ಯೂಟ್ರಲ್, ಅಂದರೆ ಕರೆಂಟು ವಾಪಸ್ ಹೋಗುವ ವೈರು. ಚಿಕ್ಕಮಗಳೂರಿನ ಒಂದು ಆಸ್ಪತ್ರೆಯಲ್ಲಿ ಬೋರ್ಡು ಬಿಚ್ಚಿ ನೋಡಿದೆ. ಫೇಸ್ ವೈರುಗಳೆಲ್ಲ ಅಚ್ಚುಕಟ್ಟಾಗಿ ಬೇರೆ ಬೇರೆ. ನ್ಯೂಟ್ರಲ್‌ಗಳು ಮಾತ್ರ ಒಂದೇ ಹಿತ್ತಾಳೆ ಪಟ್ಟಿಗೆ ಸೇರಿವೆ, ಕೊನೆಯ ಸ್ಕ್ರೂ ಸಡಿಲವಾಗಿ ಸುತ್ತ ಕಪ್ಪಾಗಿದೆ. ಮಾಮೂಲಿ ಲೈನಿನ ರಿಪೇರಿಗೆಂದು ಯಾರೋ ಆ ನ್ಯೂಟ್ರಲ್ ಬಿಚ್ಚಿದರೆ ಎಮರ್ಜೆನ್ಸಿಯೂ ಹೋಯಿತು. ತ್ರೀ ಫೇಸ್ ಇದ್ದರಂತೂ 230 ವೋಲ್ಟ್ ಇರಬೇಕಾದ ಕಡೆ 400ರ ಹತ್ತಿರ ಏರಬಹುದು. ವೆಂಟಿಲೇಟರ್ ಅದನ್ನು ತಡೆಯುತ್ತಾ? ಮೂರು ಫೇಸಿನ ಜೊತೆ ನ್ಯೂಟ್ರಲ್ಲನ್ನೂ ಬದಲಿಸುವ ನಾಲ್ಕು ಪೋಲಿನ ಚೇಂಜ್‌ಓವರ್ ಹಾಕಿಸಿ, ಎಮರ್ಜೆನ್ಸಿ ಬೋರ್ಡಿಗೆ ಅದರದೇ ನ್ಯೂಟ್ರಲ್ ಪಟ್ಟಿ ಕೊಡಿಸಿ.

ಕೇಬಲ್ ಕೊಳ್ಳುವಾಗ ಅಂಗಡಿಯವರು 'ಎಫ್‌ಆರ್‌ಎಲ್‌ಎಸ್ ಕೊಡ್ತೀನಿ ಸಾರ್, ಫೈರ್ ಪ್ರೂಫ್' ಅನ್ನುತ್ತಾರೆ. ಅಲ್ಲ. ಅದು ಬೆಂಕಿ ಹರಡದಂತೆ, ಹೊಗೆ ಕಮ್ಮಿ ಬರುವಂತೆ ಮಾಡುತ್ತದೆ, ಅಷ್ಟೇ. ಬೆಂಕಿಯಲ್ಲೂ ಕರೆಂಟು ಸಾಗಿಸುವುದು ಫೈರ್ ಸರ್ವೈವಲ್ ಕೇಬಲ್. ಅದರ ಒಂದು ದರ್ಜೆಯನ್ನು 950 ಡಿಗ್ರಿಯಲ್ಲಿ 3 ಗಂಟೆ ಇಟ್ಟು ಪರೀಕ್ಷಿಸುತ್ತಾರೆ. ದುಬಾರಿ, ನಿಜ. ಇಡೀ ಕಟ್ಟಡಕ್ಕೆ ಬೇಕಿಲ್ಲ, ಜನರೇಟರ್‌ನಿಂದ ಓಟಿ, ಐಸಿಯು ಬೋರ್ಡಿನವರೆಗೆ ಹಾಕಿಸಿ.

ಇನ್ನು ಆರ್‌ಸಿಸಿಬಿ. ವಾರ್ಡಿಗೆ 30 ಮಿಲಿಆಂಪಿನದು ಇರಲಿ. ಓಟಿ, ಐಸಿಯುನ ಜೀವ ಉಳಿಸುವ ಯಂತ್ರಗಳಿಗೆ ಬೇಡ. ಸಣ್ಣ ಲೀಕೇಜ್‌ಗೆ ಟ್ರಿಪ್ ಆಗುವುದೇ ಅದರ ಕೆಲಸ. ಹೊಟ್ಟೆ ಕೊಯ್ದಿರುವಾಗ ಟ್ರಿಪ್ ಆದರೆ? ಅಲ್ಲಿ ಲೈನನ್ನು ಅರ್ತ್‌ನಿಂದ ಬೇರೆಯಾಗಿಡುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್, ಜೊತೆಗೆ ಲೀಕೇಜ್ ಮೇಲೆ ಕಣ್ಣಿಡುವ ಇನ್ಸುಲೇಷನ್ ಮಾನಿಟರ್ ಇರಬೇಕು. ಮೊದಲ ಲೀಕೇಜ್‌ಗೆ ಕರೆಂಟು ಹೋಗುವುದಿಲ್ಲ. ಇನ್ಸುಲೇಷನ್ 50 ಕಿಲೋಓಮ್‌ಗೆ ಇಳಿಯುವ ಮೊದಲೇ ಮಾನಿಟರ್ ಕೂಗುತ್ತದೆ. ಆಪರೇಷನ್ ಮುಗಿಸಿ ಆಮೇಲೆ ಹುಡುಕಬಹುದು. ಎಕ್ಸ್-ರೇ ಯಂತ್ರಕ್ಕೆ ಆರ್‌ಸಿಸಿಬಿ ನಡೆಯುತ್ತದೆ.

ಟೇಬಲ್ ಮೇಲಿನ ಓಟಿ ದೀಪವನ್ನು ಜನರೇಟರ್ ನಂಬಿ ಬಿಡಬೇಡಿ. ಅಂತರರಾಷ್ಟ್ರೀಯ ನಿಯಮದಂತೆ ಅದು ಅರ್ಧ ಸೆಕೆಂಡಿನೊಳಗೆ ಮತ್ತೆ ಹತ್ತಬೇಕು. ಜನರೇಟರ್ ಸ್ಟಾರ್ಟ್ ಆಗುವುದಕ್ಕೇ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಅದಕ್ಕೆ ಬ್ಯಾಟರಿಯೇ ಗತಿ.

ಗೋಡೆಗೆ ಪ್ಲಾಸ್ಟರ್ ಆಗುವ ಮೊದಲೇ ಪೈಪು ಬೇರೆ ಮಾಡಿಸಿ. ಆಮೇಲೆ ಒಡೆಸುವ ಖರ್ಚು ನಿಮಗೇ ಗೊತ್ತು.

ಪ್ರಶ್ನೆ: ಆಸ್ಪತ್ರೆಯಲ್ಲಿ ಕೆಲವು ಸಾಕೆಟ್ ಕೆಂಪಗಿರುತ್ತವೆ. ಸುಮ್ನೆ ಅಂದಕ್ಕಾ?
– ಓದುಗರು, ಸಕಲೇಶಪುರ

ಉತ್ತರ: ಅಲ್ಲ. ಸಾಮಾನ್ಯವಾಗಿ ಕೆಂಪು ಅಂದರೆ ಎಮರ್ಜೆನ್ಸಿ ಲೈನಿನದು. ರೋಗಿ ಕಡೆಯವರು ಮೊಬೈಲ್ ಚಾರ್ಜರ್, ಬಿಸಿನೀರಿನ ಕೆಟಲ್ ಎಲ್ಲ ಅಲ್ಲೇ ಚುಚ್ಚುತ್ತಾರೆ. ಕೆಟಲ್ ಒಂದೇ 1500 ವ್ಯಾಟ್ ಎಳೆಯಬಹುದು. ಬೇರೆ ಸಾಕೆಟ್ ಎಲ್ಲಿದೆ ಅಂತ ಸಿಸ್ಟರನ್ನು ಕೇಳಿ.