ಕೇಳುಗರ ಕಟ್ಟೆ: ಹ್ಯಾಮಂಡ್ ಆರ್ಗನ್ ಮತ್ತು ಎಡಗೈ

ಕಳೆದ ಸಂಚಿಕೆಯಲ್ಲಿ ಹ್ಯಾಮಂಡ್ ಆರ್ಗನ್ ನುಡಿಸುತ್ತಿದ್ದ ಅಮೆರಿಕದ ಜಾಝ್ ಕಲಾವಿದ ಜಿಮ್ಮಿ ಸ್ಮಿತ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಕರೆಂಟಿನಿಂದ ನುಡಿಯುವ, ಕೈಗೆ ಕೀಲಿ, ಕಾಲಿಗೆ ಪೆಡಲ್ ಇರುವ ವಾದ್ಯ ಅದು. ಆ ಬರಹಕ್ಕೆ ಮುಂಬಯಿಯ ಮೂಲೆ ಮೂಲೆಯಿಂದ ಪತ್ರ ಬಂದಿವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಹ್ಯಾಮಂಡ್ ಆರ್ಗನ್ ಜಾಝ್‌ಗೇ.

ಮುಲುಂಡ್‌ನ ಓದುಗರೊಬ್ಬರು: ನಾನು ಕೇಳೋದು ಕರ್ನಾಟಕ ಸಂಗೀತ. ನಿಮ್ಮ ಅಂಕಣ ಓದಿ ಲೋಕಲ್ ರೈಲಿನಲ್ಲಿ ಜಿಮ್ಮಿ ಸ್ಮಿತ್ ಕೇಳಿದೆ. ಎಲ್ಲಾ ಒಂದೇ ಥರ ಅನ್ನಿಸಿತು. ಎಲ್ಲಿಂದ ಶುರು ಮಾಡಲಿ?

ಮೊದಲು ಲೋಕಲ್‌ನಲ್ಲಿ ಕೇಳುವುದನ್ನು ಬಿಡಿ. ಈ ಸಂಗೀತದ ಜೀವ ಇರುವುದು ಬೇಸ್‌ನಲ್ಲಿ, ಅಂದರೆ ತಗ್ಗಿನ ಸ್ವರಗಳಲ್ಲಿ. ಕುರ್ಲಾ ದಾಟುವಾಗ ಗಾಲಿಯ ಸದ್ದು ನುಂಗುವುದು ಅವನ್ನೇ. ರಾತ್ರಿ ಊಟ ಆದ ಮೇಲೆ, ಮನೆಯಲ್ಲಿ, ಒಳ್ಳೆಯ ಸ್ಪೀಕರ್ ಮುಂದೆ ಕೂತು ಕೇಳಿ. ನಾನು ಮಾಟುಂಗದ ನಮ್ಮ ಮನೆಯಲ್ಲಿ ಕಿಟಕಿ ಮುಚ್ಚಿಕೊಂಡೇ ಕೇಳುವುದು. ಪಕ್ಕದ ಮನೆಯವರಿಗೂ ನಿದ್ದೆ ಬೇಕು, ನನಗೂ ಆ ಬೇಸ್ ಬೇಕು.

ಆಲ್ಬಮ್ ಒಂದೇ ಸಾಕು: 'ಬ್ಯಾಕ್ ಅಟ್ ದ ಚಿಕನ್ ಶ್ಯಾಕ್'. 1960ರ ಏಪ್ರಿಲ್‌ನಲ್ಲಿ ನ್ಯೂಜೆರ್ಸಿಯಲ್ಲಿ ರೆಕಾರ್ಡಿಂಗ್ ಎಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್ ಅವರ ಸ್ಟುಡಿಯೋದಲ್ಲಿ ರೆಕಾರ್ಡ್ ಆಗಿ, 1963ರಲ್ಲಿ ಬ್ಲೂ ನೋಟ್ ಎಂಬ ರೆಕಾರ್ಡ್ ಕಂಪನಿಯಿಂದ ಹೊರಬಂತು. ಸ್ಯಾಕ್ಸೋಫೋನ್ ಸ್ಟ್ಯಾನ್ಲಿ ಟರೆಂಟೀನ್, ಗಿಟಾರ್ ಕೆನ್ನಿ ಬರೆಲ್, ಡ್ರಮ್ಸ್ ಡೊನಾಲ್ಡ್ ಬೈಲಿ. ಬೇಸ್ ನುಡಿಸುವವರ ಹೆಸರೇ ಇಲ್ಲ, ಅಲ್ವಾ? ಆದರೂ ಬೇಸ್ ಒಂದು ಕ್ಷಣವೂ ನಿಲ್ಲುವುದಿಲ್ಲ. ಅದು ಜಿಮ್ಮಿ ಸ್ಮಿತ್ ಅವರ ಎಡಗೈ. ಕಾಲಿನ ಪೆಡಲ್ ಆ ಸ್ವರಗಳಿಗೆ ಅಲ್ಲಲ್ಲಿ ಒಂದು ಗುದ್ದು ಸೇರಿಸುತ್ತದೆ.

ಮೊದಲ ಸಲ ಆ ಎಡಗೈಯನ್ನು ಮಾತ್ರ ಕೇಳಿ. ಮೇಲೆ ಏನೇ ನಡೆದರೂ ಅತ್ತ ಹೋಗಬೇಡಿ. ಆಲ್ಬಮ್‌ನ ಹೆಸರೇ ಇರುವ ಮೊದಲ ತುಣುಕು ಬ್ಲೂಸ್, ಅಂದರೆ ಒಂದೇ ಅಳತೆಯ ಸುತ್ತು ಮರಳಿ ಮರಳಿ ಬರುವ ರೂಪ. ನಾಲ್ಕು ಏಟಿನ 12 ಬಾರ್, ಅಂದರೆ 48 ಏಟಿಗೆ ಒಂದು ಸುತ್ತು. ನೀವು ತಾಳದ ಆವರ್ತ ಹಾಕುವ ಹಾಗೆಯೇ ತೊಡೆ ತಟ್ಟಿಕೊಂಡು ಹೋಗಿ. ಪ್ರತಿ ಸುತ್ತಿನ ಕೊನೆಯಲ್ಲಿ ಎಡಗೈ ಮನೆಗೆ ಮರಳುವುದು ಸ್ಪಷ್ಟವಾಗಿ ಕೇಳುತ್ತದೆ. ಅದು ಕಿವಿಗೆ ಸಿಕ್ಕಿತೋ, ಬಲಗೈ ಏನು ಮಾಡುತ್ತಿದೆ ಎಂಬುದು ತಾನೇ ತೆರೆದುಕೊಳ್ಳುತ್ತದೆ. ಒಂದೇ ಸ್ವರವನ್ನು ಒತ್ತಿ ಹಿಡಿದು ಸುತ್ತು ಸುತ್ತು ದಾಟಿಸುವುದು, ಚಿಕ್ಕ ಪದಗುಚ್ಛವನ್ನು ಬಿಡದೆ ಮರಳಿ ಮರಳಿ ಹೇಳುವುದು, ಇವೆಲ್ಲ ಆ ಸ್ಥಿರವಾದ ನೆಲ ಇರುವುದರಿಂದಲೇ ಸಾಧ್ಯ.

ಇನ್ನೊಂದು ವಿಷಯ. ಸ್ಮಿತ್ ಮೊದಲು ಪಿಯಾನೋ ನುಡಿಸುತ್ತಿದ್ದರು. ವೈಲ್ಡ್ ಬಿಲ್ ಡೇವಿಸ್ ಅವರ ಆರ್ಗನ್ ಕೇಳಿ ಮನಸ್ಸು ಬದಲಾಯಿತು. ಫಿಲಡೆಲ್ಫಿಯಾದಲ್ಲಿ ಒಂದು ಗೋದಾಮಿನಲ್ಲಿ ವಾದ್ಯ ಇಟ್ಟುಕೊಂಡು ಅಭ್ಯಾಸ ಮಾಡಿದರು. ಕಾಲು ನೋಡಿಕೊಳ್ಳದೆ ನುಡಿಸಬೇಕು ಅಂತ ಪೆಡಲ್‌ಗಳ ಚಿತ್ರವನ್ನು ಎದುರಿನ ಗೋಡೆಗೆ ಅಂಟಿಸಿಕೊಂಡಿದ್ದರಂತೆ. 1956ರಲ್ಲಿ ಬ್ಲೂ ನೋಟ್‌ಗೆ ಬರುವಾಗ ಕೈ ಕಾಲು ಎರಡೂ ಪಳಗಿದ್ದವು.

ಮುಂದಿನ ಮೆಟ್ಟಿಲು ಸ್ಮಿತ್ ಅವರದೇ 'ದ ಸರ್ಮನ್'. ಅದೇ ಹೆಸರಿನ ಬ್ಲೂಸ್ 20 ನಿಮಿಷ, ರೆಕಾರ್ಡಿನ ಒಂದು ಇಡೀ ಬದಿ. ಡ್ರಮ್ಸ್‌ನಲ್ಲಿ ಆರ್ಟ್ ಬ್ಲೇಕಿ. ಅಲ್ಲಿಂದ ಇನ್ನೊಬ್ಬ ಆರ್ಗನ್ ವಾದಕ ಲ್ಯಾರಿ ಯಂಗ್ ಅವರ 'ಯೂನಿಟಿ'ಗೆ ಹೋಗಿ. 1965ರ ನವೆಂಬರ್‌ನಲ್ಲಿ ರೆಕಾರ್ಡ್ ಆದದ್ದು. ಗಿಟಾರೂ ಇಲ್ಲ. ಟ್ರಂಪೆಟ್‌ಗೆ ವುಡಿ ಶಾ, ಸ್ಯಾಕ್ಸೋಫೋನ್‌ಗೆ ಜೋ ಹೆಂಡರ್ಸನ್, ಡ್ರಮ್ಸ್‌ಗೆ ಎಲ್ವಿನ್ ಜೋನ್ಸ್ ಜೊತೆಗಿದ್ದಾರೆ. 'ಮಂಕ್ಸ್ ಡ್ರೀಮ್'ನಲ್ಲಿ ಬರೀ ಆರ್ಗನ್ ಮತ್ತು ಡ್ರಮ್ಸ್. ಆರ್ಗನ್ ಜಾಝ್‌ನಲ್ಲಿ ನನಗೆ ಇದಕ್ಕಿಂತ ದೊಡ್ಡ ರೆಕಾರ್ಡ್ ಇಲ್ಲ. ಸ್ಮಿತ್ ವರ್ವ್ ಕಂಪನಿಗೆ ದೊಡ್ಡ ಬ್ಯಾಂಡ್ ಜೊತೆ ಮಾಡಿದ್ದನ್ನು ಸದ್ಯಕ್ಕೆ ಬದಿಗಿಡಿ. ಹಿತ್ತಾಳೆ ವಾದ್ಯಗಳ ಅಬ್ಬರದಲ್ಲಿ ನಾವು ಹುಡುಕುವ ಎಡಗೈಯೇ ಸಿಗುವುದಿಲ್ಲ.

ಗೋರೆಗಾಂವ್‌ನ ಓದುಗರು: ನ್ಯೂಜೆರ್ಸಿಯಲ್ಲಿರುವ ನನ್ನ ತಮ್ಮನಿಗೆ ಹಳೇ ಹ್ಯಾಮಂಡ್ ಬಿ-3 ಕಡಿಮೆ ಬೆಲೆಗೆ ಸಿಗುತ್ತಿದೆ. ಹಡಗಿನಲ್ಲಿ ತರಿಸೋಣ ಅಂತಿದ್ದೇವೆ. ಟ್ರಾನ್ಸ್‌ಫಾರ್ಮರ್ ಹಾಕಿದರೆ ನಡೆಯುತ್ತಾ? ಇದು ನಮ್ಮ ಹಾರ್ಮೋನಿಯಂ ಥರದ್ದೇನಾ?

ಹಣ ಕಳಿಸುವ ಮುಂಚೆ ಕೇಳಿದಿರಲ್ಲ, ಒಳ್ಳೇದಾಯಿತು. ಟ್ರಾನ್ಸ್‌ಫಾರ್ಮರ್ ಒಂದೇ ಸಾಲದು.

ಹಾರ್ಮೋನಿಯಂನಲ್ಲಿ ಗಾಳಿ ಇದೆ, ರೀಡ್ ಇದೆ. ಚರ್ಚಿನ ಆರ್ಗನ್‌ನಲ್ಲಿ ಗಾಳಿ ಇದೆ, ಕೊಳವೆ ಇದೆ. ಷಿಕಾಗೋದ ಲಾರೆನ್ಸ್ ಹ್ಯಾಮಂಡ್ 1935ರಲ್ಲಿ ಮಾರುಕಟ್ಟೆಗೆ ತಂದ ವಾದ್ಯದಲ್ಲಿ ಗಾಳಿಯೇ ಇಲ್ಲ. ಒಳಗೆ ಅಂಚಿನಲ್ಲಿ ಹಲ್ಲುಗಳಿರುವ ಪುಟ್ಟ ಉಕ್ಕಿನ ಚಕ್ರಗಳಿವೆ, ಬಿ-3ರಲ್ಲಿ 91. ಪ್ರತಿ ಚಕ್ರದ ಹತ್ತಿರ ತಂತಿ ಸುತ್ತಿದ ಆಯಸ್ಕಾಂತ. ಚಕ್ರ ತಿರುಗಿದಾಗ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ, ಅದೇ ಸ್ವರ. ಕೀಲಿಗಳ ಮೇಲಿನ ಡ್ರಾಬಾರ್‌ಗಳು ಆ ಸ್ವರಗಳನ್ನು ಬೆರೆಸುವ ಎಳೆಪಟ್ಟಿಗಳು, ಒಂದು ಸೆಟ್ಟಿಗೆ ಒಂಬತ್ತು. ಮೊದಲ ಮೂರನ್ನು ಪೂರ್ತಿ ಎಳೆದು ಉಳಿದವನ್ನು ಒಳಗೆ ತಳ್ಳಿದರೆ ಜಿಮ್ಮಿ ಸ್ಮಿತ್ ಬಣ್ಣ ಬರುತ್ತದೆ. ಕೀಲಿ ಒತ್ತಿದಾಗ ಬರುವ 'ಟಿಕ್' ಸದ್ದನ್ನು ಹ್ಯಾಮಂಡ್ ದೋಷ ಅಂದುಕೊಂಡಿದ್ದರು. ಜಾಝ್‌ನವರಿಗೆ ಅದೇ ಇಷ್ಟವಾಯಿತು. ಆಮೇಲೆ ಲೆಸ್ಲಿ ಸ್ಪೀಕರ್ ಇದೆ. ಪೆಟ್ಟಿಗೆಯೊಳಗೆ ಕಹಳೆ ಗಿರಗಿರ ತಿರುಗುತ್ತದೆ. ಸ್ವರ ನಡುಗುವುದು ಅದರಿಂದ.

ಈಗ ನಿಮ್ಮ ತೊಂದರೆಗೆ ಬರುತ್ತೇನೆ. ಆ ಚಕ್ರಗಳ ಮೋಟಾರ್ ಓಡುವುದು ಕರೆಂಟಿನ ಫ್ರೀಕ್ವೆನ್ಸಿಗೆ ತಕ್ಕಂತೆ. ಅಮೆರಿಕದಲ್ಲಿ 60 ಹರ್ಟ್ಸ್, ನಮ್ಮಲ್ಲಿ 50. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಫ್ರೀಕ್ವೆನ್ಸಿ ಮುಟ್ಟುವುದಿಲ್ಲ. ಗೋರೆಗಾಂವ್‌ನಲ್ಲಿ ಆ ವಾದ್ಯ ಆರರಲ್ಲಿ ಐದು ಪಾಲು ವೇಗದಲ್ಲಿ ಓಡುತ್ತದೆ. ಇಡೀ ಶ್ರುತಿ ಮೂರು ಸ್ವರಸ್ಥಾನ ಕೆಳಗಿಳಿಯುತ್ತದೆ. ಷಡ್ಜ ಒತ್ತಿದರೆ ಕೆಳಗಿನ ಚತುಶ್ರುತಿ ಧೈವತ ಕೇಳುತ್ತದೆ! ಫ್ರೀಕ್ವೆನ್ಸಿ ಬದಲಿಸುವ ಯಂತ್ರವೇ ಬೇಕು, ಇಲ್ಲವೇ 50 ಹರ್ಟ್ಸ್ ದೇಶಗಳಿಗೆಂದು ತಯಾರಾದ ಮಾದರಿ ಹುಡುಕಬೇಕು. ಪೆಡಲ್, ಬೆಂಚು ಸೇರಿ ತೂಕ ಸುಮಾರು 190 ಕಿಲೋ. ನಿಮ್ಮ ಬಿಲ್ಡಿಂಗಿನ ಲಿಫ್ಟ್‌ನ ಅಳತೆ ತೆಗೆದುಕೊಳ್ಳಿ. ನಿಜ ಹೇಳಬೇಕೆಂದರೆ, ಆ ದುಡ್ಡಿಗೆ ಒಳ್ಳೆ ಸ್ಪೀಕರ್ ಮತ್ತು ಒಂದು ಕಪಾಟು ತುಂಬ ರೆಕಾರ್ಡ್ ಬರುತ್ತವೆ.

ಅಮೆರಿಕದಿಂದ ಬಂದ ಹಳೇ ಟರ್ನ್‌ಟೇಬಲ್ ಕೊಳ್ಳುವವರೂ ಇದನ್ನು ನೆನಪಿಡಿ. ಹೀಗೆ ಕರೆಂಟಿನ ಫ್ರೀಕ್ವೆನ್ಸಿಗೆ ತಕ್ಕಂತೆ ಓಡುವ ಎಸಿ ಸಿಂಕ್ರನಸ್ ಮೋಟಾರ್ ಇದ್ದರೆ, ನಿಮಿಷಕ್ಕೆ 33⅓ ಸುತ್ತು ತಿರುಗಬೇಕಾದ್ದು ಇಲ್ಲಿ 28 ಸುತ್ತೂ ತಿರುಗುವುದಿಲ್ಲ. ಕೆಲವು ಮಾದರಿಗಳಿಗೆ 50 ಹರ್ಟ್ಸ್ ಪುಲ್ಲಿ ಸಿಗುತ್ತದೆ. ಮೊದಲು ಅದನ್ನು ವಿಚಾರಿಸಿ.

ಠಾಣೆಯಿಂದ: ಚೋರ್ ಬಜಾರಿನ ಮಟನ್ ಸ್ಟ್ರೀಟ್‌ನಲ್ಲಿ ಜಿಮ್ಮಿ ಸ್ಮಿತ್ ಅವರ 'ಮಿಡ್‌ನೈಟ್ ಸ್ಪೆಷಲ್' ರೆಕಾರ್ಡ್ ನೋಡಿದೆ. ಅಂಗಡಿಯವರು ಒರಿಜಿನಲ್, ಅಂದರೆ ಆ ಕಾಲದಲ್ಲೇ ಒತ್ತಿದ ಪ್ರತಿ, ಅಂತ ಆರು ಸಾವಿರ ಕೇಳಿದರು. ಒರಿಜಿನಲ್ ಅಂತ ಗೊತ್ತಾಗೋದು ಹೇಗೆ?

ಮೊದಲು ಕವರ್ ಕೆಳಗಿಟ್ಟು ರೆಕಾರ್ಡನ್ನು ಹೊರತೆಗೆಯಿರಿ. ಕವರ್ ಒಂದು ಕಡೆಯದು, ರೆಕಾರ್ಡ್ ಇನ್ನೊಂದು ಕಡೆಯದು ಆಗಿರಬಹುದು. ಬಿಸಿಲಿಗೆ ಬಂದು ಓರೆಯಾಗಿ ಹಿಡಿಯಿರಿ. ಲೇಬಲ್ ಮತ್ತು ಕೊನೆಯ ಗೆರೆಯ ನಡುವೆ ಖಾಲಿ ಜಾಗ ಇದೆಯಲ್ಲ, ಅಲ್ಲಿ 'ವ್ಯಾನ್ ಗೆಲ್ಡರ್' ಎಂಬ ಮುದ್ರೆ ಅಥವಾ 'ಆರ್‌ವಿಜಿ' ಅಕ್ಷರ ಹುಡುಕಿ. ಜೊತೆಗೆ ಕೈಯಲ್ಲಿ ಗೀಚಿದಂತಿರುವ ಇಂಗ್ಲಿಷಿನ 'ಪಿ' ಇರಬೇಕು. ಸಂಗ್ರಹಕಾರರು ಅದನ್ನು ಕಿವಿ ಅನ್ನುತ್ತಾರೆ. ಪ್ಲಾಸ್ಟಿಲೈಟ್ ಎಂಬ ಕಾರ್ಖಾನೆಯ ಗುರುತು ಅದು. ಬ್ಲೂ ನೋಟ್ 1966ರವರೆಗೆ ಅಲ್ಲೇ ಒತ್ತಿಸುತ್ತಿತ್ತು. ಲೇಬಲ್‌ನ ಅಂಚಿನಲ್ಲಿ 'ಲಿಬರ್ಟಿ ರೆಕಾರ್ಡ್ಸ್' ಹೆಸರಿದ್ದರೆ ಅದು ಕಂಪನಿ ಮಾರಾಟವಾದ ಮೇಲಿನ ಪ್ರತಿ.

ಆದರೆ ಲಿಬರ್ಟಿ ಪ್ರತಿ ಅಂತ ಕೈಬಿಡಬೇಡಿ. ವ್ಯಾನ್ ಗೆಲ್ಡರ್ ಮುದ್ರೆ ಇದ್ದರೆ ಅದು ಅವರೇ ಗೆರೆ ಕೊರೆದ ಮೂಲ ತಟ್ಟೆಯಿಂದ ಬಂದದ್ದು. ಬೇಸ್ ಗಟ್ಟಿಯಾಗಿಯೇ ಇರುತ್ತದೆ. ಜಪಾನಿನಲ್ಲಿ ಕಿಂಗ್ ಮತ್ತು ತೋಶಿಬಾ ಒತ್ತಿದವು ಸದ್ದುಗದ್ದಲವಿಲ್ಲದೆ ನುಡಿಯುತ್ತವೆ. ಬ್ಲೂ ನೋಟ್‌ನವರೇ ಈಚೆಗೆ ತಂದಿರುವ ಟೋನ್ ಪೊಯೆಟ್ ಮತ್ತು ಕ್ಲಾಸಿಕ್ ವಿನೈಲ್ ಸರಣಿಗಳೂ ಚೆನ್ನಾಗಿವೆ. ಕಿವಿ ಗುರುತಿದ್ದೂ ಗೆರೆ ಸವೆದ ರೆಕಾರ್ಡಿಗಿಂತ, ಗುರುತಿಲ್ಲದ ಶುದ್ಧ ರೆಕಾರ್ಡೇ ನನಗೆ ಬೇಕು. ಸವೆದ ಗೆರೆಯಲ್ಲಿ ಆರ್ಗನ್ ಒತ್ತಿ ಹಿಡಿದ ಸ್ವರ ಒಡೆದು ಕರಕರ ಅನ್ನುತ್ತದೆ. ಹಾಗಾಗಿ ಅಂಗಡಿಯಲ್ಲೇ ಹಾಕಿಸಿ. ಒಳಸುತ್ತಿನ ಕೊನೆಯ ಎರಡು ನಿಮಿಷ ಕೇಳಿ ಆಮೇಲೆ ಬೆಲೆ ಮಾತಾಡಿ.

ಡೊಂಬಿವಲಿಯ ಓದುಗರು: ಮಳೆಗಾಲದಲ್ಲಿ ರೆಕಾರ್ಡುಗಳಿಗೆ ಬೂಸ್ಟು ಹಿಡಿಯುತ್ತದೆ. ಏನು ಮಾಡೋದು?

ನೆಟ್ಟಗೆ ನಿಲ್ಲಿಸಿಡಿ, ಹೊರಗೋಡೆಗೆ ತಾಗಿಸಬೇಡಿ. ಜೂನ್‌ಗೆ ಮುಂಚೆಯೇ ಕಾಗದದ ಒಳಚೀಲ ತೆಗೆದು ಪಾಲಿಥೀನ್‌ನವು ಹಾಕಿ. ಕಪಾಟಿನಲ್ಲಿ ಸಿಲಿಕಾ ಜೆಲ್ ಇಡಿ, ಆಗಾಗ ಬದಲಿಸಿ. ತೊಳೆಯಲು ಡಿಸ್ಟಿಲ್ಡ್ ನೀರೇ ಬೇಕು, ನಲ್ಲಿ ನೀರು ಬೇಡ.

ಮಾಹೀಮ್‌ನ ಕಾಲೇಜು ವಿದ್ಯಾರ್ಥಿನಿ: ಈ ವಾದ್ಯದಲ್ಲಿ ಹೆಂಗಸರು ಯಾರೂ ಇಲ್ವಾ?

ಇದ್ದಾರೆ, ಅದೂ ಮೊದಲ ಸಾಲಿನಲ್ಲಿ. ಫಿಲಡೆಲ್ಫಿಯಾದ ಶರ್ಲಿ ಸ್ಕಾಟ್ ಅವರನ್ನು ಆರ್ಗನ್ ರಾಣಿ ಅಂತಲೇ ಕರೆಯುತ್ತಿದ್ದರು. 1958ರಲ್ಲಿ ಸ್ಯಾಕ್ಸೋಫೋನ್ ವಾದಕ ಎಡ್ಡಿ 'ಲಾಕ್‌ಜಾ' ಡೇವಿಸ್ ಜೊತೆ ಮಾಡಿದ 'ಕುಕ್‌ಬುಕ್' ರೆಕಾರ್ಡುಗಳಿಂದ ಶುರು ಮಾಡಿ. ಅಲ್ಲಿ ಬೇಸ್‌ಗೆ ಜಾರ್ಜ್ ಡುವಿವಿಯೇ ಇದ್ದಾರೆ. ಎಡಗೈಗೆ ಬೇಸ್‌ನ ಹೊಣೆ ಇಲ್ಲದ್ದರಿಂದ ಶರ್ಲಿಯವರ ನುಡಿಕೆ ಹಗುರ, ಸ್ವರಗಳ ನಡುವೆ ಗಾಳಿಯಾಡುತ್ತದೆ. ಮುಲುಂಡ್‌ನವರೂ ಇದನ್ನು ಸ್ಮಿತ್ ಪಕ್ಕದಲ್ಲಿಟ್ಟು ಕೇಳಬೇಕು. ಫ್ರಾನ್ಸ್‌ನಲ್ಲಿ ನೆಲೆಸಿದ ರೋಡಾ ಸ್ಕಾಟ್ ಬರಿಗಾಲಲ್ಲೇ ಪೆಡಲ್ ನುಡಿಸುತ್ತಾರೆ. ಅವರ ಕಛೇರಿಗಳ ವಿಡಿಯೋ ಸಿಗುತ್ತವೆ. ನೋಡುವಾಗ ಅವರ ಕಾಲನ್ನೇ ನೋಡಿ.