ಜೂಮ್ ಬೇಕೋ, ಪ್ರೈಮ್ ಬೇಕೋ: ವನ್ಯಜೀವಿ ಛಾಯಾಗ್ರಾಹಕರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೆ, ಇಷ್ಟು ದಿನ 70-300 ಮಿ.ಮೀ. ಜೂಮ್ ಲೆನ್ಸಿನಲ್ಲಿ ಪಕ್ಷಿಗಳ, ಪ್ರಾಣಿಗಳ ಚಿತ್ರ ತೆಗೆಯುತ್ತಿದ್ದ ನಾನು ಈಗ ಇನ್ನೂ ಉದ್ದದ ಲೆನ್ಸೊಂದನ್ನು ಕೊಳ್ಳಲು ಹೊರಟಿದ್ದೇನೆ. ಜೂಮ್ ಮಾಡಲಾಗದ, ಒಂದೇ ಅಳತೆಯ ಪ್ರೈಮ್ ಲೆನ್ಸಿನ ಸ್ಪಷ್ಟತೆ ಜೂಮ್ ಲೆನ್ಸಿಗೆ ಬಾರದೆಂದು ಗೆಳೆಯರೊಬ್ಬರು ಹೇಳುತ್ತಾರೆ. ಪ್ರಾಣಿ ಎಷ್ಟು ದೂರದಲ್ಲಿ ಎದುರಾಗುತ್ತದೆಂದು ಮೊದಲೇ ತಿಳಿಯದಿರುವಾಗ ಜೂಮ್ ಇಲ್ಲದೆ ಕೆಲಸ ಸಾಗದೆಂದು ಮತ್ತೊಬ್ಬರು ವಾದಿಸುತ್ತಾರೆ. 200-600 ಮಿ.ಮೀ. ಜೂಮ್ ಮತ್ತು 600 ಮಿ.ಮೀ. ಪ್ರೈಮ್, ಇವೆರಡರಲ್ಲಿ ಯಾವುದನ್ನು ಆರಿಸಿಕೊಳ್ಳಲಿ?

ಉತ್ತರ: ನಿಮ್ಮ ಇಬ್ಬರು ಗೆಳೆಯರ ಮಾತಿನಲ್ಲೂ ಸತ್ಯವಿದೆ. ಆದರೆ ಮೊದಲನೆಯವರ ಮಾತು ಹಿಂದೊಮ್ಮೆ ಇದ್ದಷ್ಟು ಬಲವಾಗಿ ಈಗ ಉಳಿದಿಲ್ಲ. ಜೂಮ್ ಲೆನ್ಸಿನಲ್ಲಿ ಫೋಕಲ್ ಲೆಂತ್ (ಮಿ.ಮೀ.ನಲ್ಲಿ ಹೇಳುವ ಲೆನ್ಸಿನ ಅಳತೆ; ಅದು ಹೆಚ್ಚಿದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ) ಬದಲಾಗಬೇಕಾದರೆ ಒಳಗಿನ ಗಾಜಿನ ಗುಂಪುಗಳು ಹಿಂದೆ ಮುಂದೆ ಸರಿಯಬೇಕು. ಸರಿದ ಪ್ರತಿ ಸ್ಥಾನದಲ್ಲೂ ಬಣ್ಣದ ಅಂಚು, ಮೂಲೆಯ ಮಸುಕು ಮುಂತಾದ ದೋಷಗಳನ್ನು ಒಂದೇ ಮಟ್ಟಿಗೆ ತಿದ್ದುವುದು ವಿನ್ಯಾಸಕಾರರಿಗೆ ಸುಲಭವಲ್ಲ. ಪ್ರೈಮ್ ಲೆನ್ಸಿನಲ್ಲಿ ಒಂದೇ ಫೋಕಲ್ ಲೆಂತಿಗೆ ಎಲ್ಲವನ್ನೂ ಹೊಂದಿಸಿದರೆ ಸಾಕಾದ್ದರಿಂದ, ಅಪರ್ಚರ್, ಅಂದರೆ ಬೆಳಕು ಒಳಬರುವ ದ್ವಾರ, ಪೂರ್ತಿ ತೆರೆದಾಗಲೂ ಅದು ಗರಿಯ ಎಳೆ ಎಳೆಯನ್ನು ಬಿಡಿಸಿ ತೋರಿಸುತ್ತದೆ. ಇಂದಿನ ಒಳ್ಳೆಯ ಜೂಮ್ ಲೆನ್ಸುಗಳನ್ನು 600 ಮಿ.ಮೀ. ತುದಿಯಲ್ಲಿ ಎಫ್/8ಕ್ಕೆ (ಎಫ್ ಮುಂದಿನ ಸಂಖ್ಯೆ ಹೆಚ್ಚಿದಷ್ಟೂ ದ್ವಾರ ಕಿರಿದು) ಕಿರಿದುಗೊಳಿಸಿದರೆ ಈ ವ್ಯತ್ಯಾಸ ಬಹುಮಟ್ಟಿಗೆ ಕರಗುತ್ತದೆ. ಮುದ್ರಿತ ಪುಟದಲ್ಲಿ ಅದನ್ನು ಗುರುತಿಸುವವರು ವಿರಳ. ಆದುದರಿಂದ ಸ್ಪಷ್ಟತೆಯೊಂದನ್ನೇ ಮುಂದಿಟ್ಟುಕೊಂಡು ನಿರ್ಧರಿಸುವುದು ಬೇಡ.

ನಿರ್ಧರಿಸಬೇಕಾದದ್ದು ಅಪರ್ಚರನ್ನು ಕುರಿತು. 600 ಮಿ.ಮೀ. ಪ್ರೈಮ್ ಎಂದಷ್ಟೇ ಬರೆದಿದ್ದೀರಿ. ಆ ಹೆಸರಿನಡಿ ಬೇರೆ ಬೇರೆ ಜಾತಿಯ ಲೆನ್ಸುಗಳಿವೆ. ಎಫ್/4 ಲೆನ್ಸಿನಲ್ಲಿ ಬೆಳಕು ಪ್ರವೇಶಿಸುವ ದ್ವಾರದ ವ್ಯಾಸ 600ನ್ನು 4ರಿಂದ ಭಾಗಿಸಿದಷ್ಟು, ಅಂದರೆ 150 ಮಿ.ಮೀ. ಎಫ್/6.3 ಲೆನ್ಸಿನಲ್ಲಿ ಅದು ಸುಮಾರು 95 ಮಿ.ಮೀ. ಮಾತ್ರ. ಆ ದ್ವಾರಕ್ಕೆ ತಕ್ಕಷ್ಟು ದೊಡ್ಡ ಗಾಜನ್ನು ಮುಂಭಾಗದಲ್ಲಿ ಕೂರಿಸಲೇಬೇಕಾದ್ದರಿಂದ ತೂಕ ಏರುತ್ತದೆ, ಬೆಲೆಯೂ ಏರುತ್ತದೆ. ಸೋನಿಯ 600 ಮಿ.ಮೀ. ಎಫ್/4 ಪ್ರೈಮ್ 3040 ಗ್ರಾಂ ತೂಗಿದರೆ, ಅದೇ ಸಂಸ್ಥೆಯ 200-600 ಮಿ.ಮೀ. ಎಫ್/5.6-6.3 ಜೂಮ್ ಟ್ರೈಪಾಡಿಗೆ ಜೋಡಿಸುವ ಕಾಲರ್ ಬಿಟ್ಟು 2115 ಗ್ರಾಂ ತೂಗುತ್ತದೆ. ಎರಡೂ 2019ರಲ್ಲಿ ಬಂದವು. ಇದರಿಂದ ಪ್ರೈಮ್ ಎಂದರೆ ಭಾರ, ಜೂಮ್ ಎಂದರೆ ಹಗುರ ಎಂದು ಭಾವಿಸಬಾರದು. ಒಳಗೇ 1.4 ಪಟ್ಟು ಟೆಲಿಕನ್ವರ್ಟರ್ (ಫೋಕಲ್ ಲೆಂತನ್ನು ಹಿಗ್ಗಿಸುವ ಹೆಚ್ಚುವರಿ ಗಾಜು) ಇರುವ ಕೆನಾನ್ 200-400 ಮಿ.ಮೀ. ಎಫ್/4 ಲೆನ್ಸ್ ಜೂಮ್ ಆಗಿದ್ದೂ 3620 ಗ್ರಾಂ ತೂಗುತ್ತದೆ. ನಿಕಾನ್ 600 ಮಿ.ಮೀ. ಎಫ್/6.3 ಲೆನ್ಸ್ ಪ್ರೈಮ್ ಆಗಿದ್ದೂ ಕಾಲರ್ ಸಮೇತ 1470 ಗ್ರಾಂ ಅಷ್ಟೇ. ಭಾರವನ್ನೂ ಬೆಲೆಯನ್ನೂ ಹೇರುವುದು ದೊಡ್ಡ ಅಪರ್ಚರ್. ಲೆನ್ಸ್ ಜೂಮೋ ಪ್ರೈಮೋ ಎಂಬುದು ಅದರ ಮುಂದೆ ಸಣ್ಣ ಸಂಗತಿ.

ಆ ದೊಡ್ಡ ಅಪರ್ಚರಿನಿಂದ ಸಿಗುವುದೇನು? ಎಫ್/4 ಲೆನ್ಸ್ ಎಫ್/6.3ಕ್ಕಿಂತ ಸುಮಾರು ಎರಡೂವರೆ ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಸೂರ್ಯ ಇನ್ನೂ ಮೇಲೇರದ ಹೊತ್ತಿನಲ್ಲಿ, ಮರದ ನೆರಳಿನಲ್ಲಿ ನಡೆಯುತ್ತಿರುವ ಚಿರತೆಯನ್ನು ಸೆಕೆಂಡಿನ 1000ದ ಒಂದು ಭಾಗದ ಷಟರ್ ವೇಗದಲ್ಲಿ ಹಿಡಿಯಲು ಜೂಮ್ ಲೆನ್ಸಿನಲ್ಲಿ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆಯ ಮಟ್ಟ) 6400 ಬೇಕಾದರೆ, ಎಫ್/4ರಲ್ಲಿ 2500 ಸಾಕು. ಐಎಸ್ಒ ಏರಿದಂತೆ ಚಿತ್ರದಲ್ಲಿ ಮೂಡುವ ನಾಯ್ಸ್ (ಕಾಳುಕಾಳಾದ ಚುಕ್ಕೆಗಳು) ಕಡಿಮೆ ಮಾಡುವ ಇಂದಿನ ತಂತ್ರಾಂಶಗಳು ಈ ಅಂತರವನ್ನು ಕಿರಿದುಗೊಳಿಸಿವೆಯೆಂಬುದು ನಿಜ. ಆದರೆ ಹಿನ್ನೆಲೆಯ ಗಿಡಗಂಟಿಗಳನ್ನು ಪ್ರಾಣಿಯಿಂದ ಬೇರ್ಪಡಿಸುವ ಮೃದುವಾದ ಮಸುಕು ಮಾತ್ರ ದ್ವಾರದ ವ್ಯಾಸದಿಂದಲೇ ಬರಬೇಕು. 20 ಮೀಟರ್ ದೂರದ ಪ್ರಾಣಿಯನ್ನು 600 ಮಿ.ಮೀ.ನಲ್ಲಿ ಚಿತ್ರಿಸುವಾಗ ಸ್ಪಷ್ಟವಾಗಿ ಕಾಣುವ ಆಳ ಎಫ್/4ರಲ್ಲಿ ಸುಮಾರು 27 ಸೆಂ.ಮೀ., ಎಫ್/6.3ರಲ್ಲಿ ಸುಮಾರು 42 ಸೆಂ.ಮೀ. ಪ್ರಾಣಿಯ ಬೆನ್ನ ಹಿಂದೆಯೇ ಒಣಕಡ್ಡಿಗಳ ಪೊದೆಯಿದ್ದರೆ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಇನ್ನು ಎರಡನೆಯ ಗೆಳೆಯರ ವಾದ. ಪೂರ್ಣ ಫ್ರೇಮ್ (ಹಳೆಯ 35 ಮಿ.ಮೀ. ಫಿಲ್ಮಿನಷ್ಟು ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 600 ಮಿ.ಮೀ. ಲೆನ್ಸ್ 20 ಮೀಟರ್ ದೂರದಲ್ಲಿ 1.2 ಮೀಟರ್ ಅಗಲದ ಜಾಗವನ್ನಷ್ಟೇ ಕಾಣುತ್ತದೆ. ಅಡ್ಡಲಾಗಿ ನಿಂತ ಜಿಂಕೆಯ ಇಡೀ ದೇಹ ಅದರಲ್ಲಿ ಹಿಡಿಸದು. ಆನೆಯಾದರೆ ಕಣ್ಣು, ಕಿವಿಯ ಒಂದಿಷ್ಟು ಭಾಗ ಸಿಕ್ಕೀತು. ಅದೇ ದೂರದಲ್ಲಿ 200 ಮಿ.ಮೀ.ಗೆ 3.6 ಮೀಟರ್ ಅಗಲ ಕಾಣುತ್ತದೆ. ಆದರೆ 15 ಸೆಂ.ಮೀ. ಉದ್ದದ ಹಕ್ಕಿಯೊಂದು ಆ 20 ಮೀಟರ್ ಆಚೆ ಕುಳಿತಿದ್ದರೆ 600 ಮಿ.ಮೀ.ನಲ್ಲೂ ಅದು ಫ್ರೇಮಿನ ಅಗಲದ ಎಂಟರಲ್ಲೊಂದು ಭಾಗ ಮಾತ್ರ. ಹೀಗೆ ಒಂದೇ ಲೆನ್ಸ್ ಒಬ್ಬರಿಗೆ ಅತಿಯಾಗಿ ಉದ್ದ, ಇನ್ನೊಬ್ಬರಿಗೆ ತೀರ ಗಿಡ್ಡ. ಕಾಲ್ನಡಿಗೆಯಲ್ಲಿ ಹಿಂದೆ ಮುಂದೆ ಸರಿದು ಫ್ರೇಮನ್ನು ಹೊಂದಿಸಿಕೊಳ್ಳಿ ಎಂಬ ಪಾಠ ಭಾವಚಿತ್ರ ತೆಗೆಯುವವರಿಗೆ ಸಲ್ಲುತ್ತದೆ. ವಾಹನದಿಂದ ಇಳಿಯಲಾಗದ, ಮರೆಯ ಗೂಡಿನಿಂದ ಕದಲಬಾರದ ವನ್ಯಜೀವಿ ಛಾಯಾಗ್ರಾಹಕರಿಗೆ ಅದನ್ನು ಹೇಳುವವರು ಕಾಡಿಗೆ ಹೋದಂತೆ ಕಾಣುವುದಿಲ್ಲ. ಉದ್ದದ ಪ್ರೈಮ್ ಬಳಸುವ ಅನೇಕರು 70-200 ಅಥವಾ 100-400 ಮಿ.ಮೀ. ಜೂಮ್ ಹಾಕಿದ ಎರಡನೆಯ ಕ್ಯಾಮೆರಾವನ್ನು ಪಕ್ಕದಲ್ಲೇ ಇಟ್ಟುಕೊಂಡಿರುತ್ತಾರೆ. ಆ ಲೆಕ್ಕವನ್ನೂ ಪ್ರೈಮ್ ಲೆನ್ಸಿನ ಬೆಲೆಗೂ ಭಾರಕ್ಕೂ ಸೇರಿಸಿ ನೋಡಬೇಕು.

ನಿಮ್ಮ ಬಳಿಯಿರುವ ಚಿತ್ರಗಳೇ ನಿಮಗೆ ಒಳ್ಳೆಯ ಸಲಹೆಗಾರರು. ಪ್ರತಿ ಚಿತ್ರದ ಫೈಲಿನಲ್ಲೂ ಅದನ್ನು ಯಾವ ಫೋಕಲ್ ಲೆಂತಿನಲ್ಲಿ, ಯಾವ ಐಎಸ್ಒದಲ್ಲಿ ತೆಗೆದಿರೆಂಬ ಮಾಹಿತಿ ಅಡಗಿರುತ್ತದೆ. ತೆಗೆದದ್ದನ್ನೆಲ್ಲ ಲೆಕ್ಕಕ್ಕೆ ಹಿಡಿಯದೆ, ಅಳಿಸದೆ ಉಳಿಸಿಕೊಂಡ ಚಿತ್ರಗಳನ್ನು ಮಾತ್ರ ತೆರೆದು ನೋಡಿ. ಹೆಚ್ಚಿನವು 300 ಮಿ.ಮೀ.ನಲ್ಲಿ ತೆಗೆದವಾಗಿದ್ದು, ಆಮೇಲೂ ಅಂಚು ಕತ್ತರಿಸಿ ಬಹಳಷ್ಟು ಕ್ರಾಪ್ ಮಾಡಿದವಾಗಿದ್ದರೆ ನಿಮ್ಮ ಕೊರತೆ ಉದ್ದದ್ದು. ಪ್ರೈಮ್ ನಿಮಗೆ ಒಗ್ಗುತ್ತದೆ. 100ರಿಂದ 300ರವರೆಗೆ ಹರಡಿಕೊಂಡಿದ್ದರೆ ಪ್ರೈಮ್ ಕೊಂಡು ಪರದಾಡುತ್ತೀರಿ. ಪಕ್ಷಿ, ಪ್ರಾಣಿ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿರುವ ನಿಮಗೆ ಈ ಪರೀಕ್ಷೆಗೆ ಮುನ್ನವೇ ನನ್ನ ಒಲವು 200-600 ಜೂಮ್ ಕಡೆಗಿದೆ. ಎಫ್/4 ಪ್ರೈಮ್ ಕೊಳ್ಳುವುದಿದ್ದರೆ, ಬೆಳಕಿನ ಅಭಾವದಿಂದಲೇ ಚಿತ್ರಗಳು ಕೈತಪ್ಪುತ್ತಿವೆಯೆಂದು ಜೂಮ್ ಲೆನ್ಸಿನಲ್ಲಿ ಕೆಲಸ ಮಾಡಿ ಖಚಿತವಾದ ಮೇಲೆ ಕೊಳ್ಳಿ.

ಪ್ರಶ್ನೆ: ನನ್ನ 150-600 ಮಿ.ಮೀ. ಜೂಮ್ ಲೆನ್ಸಿನಲ್ಲಿ 600ರಲ್ಲಿ ತೆಗೆದ ಚಿತ್ರಗಳು ಮೆದುವಾಗಿ ಬರುತ್ತವೆ. 400ರ ತನಕ ಚೆನ್ನಾಗಿರುತ್ತವೆ. ಲೆನ್ಸನ್ನು ಮಾರಿ ಪ್ರೈಮ್ ಕೊಳ್ಳುವುದು ಸೂಕ್ತವೇ?

ಉತ್ತರ: ಮಾರುವ ಮೊದಲು ತಪ್ಪು ಲೆನ್ಸಿನದೇ ಎಂಬುದನ್ನು ಖಚಿತಪಡಿಸಿಕೊಳ್ಳಿ. 600 ಮಿ.ಮೀ.ಗೆ ಹೋಗುವುದೆಂದರೆ ಸಾಮಾನ್ಯವಾಗಿ ಪ್ರಾಣಿ ದೂರದಲ್ಲಿದೆ ಎಂದರ್ಥ; ದೂರ ಹೆಚ್ಚಿದಷ್ಟೂ ನಡುವಿನ ಗಾಳಿಯೂ ಹೆಚ್ಚು. ಬಿಸಿಲಿಗೆ ಕಾದ ನೆಲದಿಂದ ಏಳುವ ಬಿಸಿಗಾಳಿ ಬೆಳಕನ್ನು ಅತ್ತಿತ್ತ ಬಾಗಿಸುವುದರಿಂದ ಚಿತ್ರದ ಅಂಚುಗಳು ಕಲಕಿದಂತಾಗುತ್ತವೆ. ಇದು ಎಂಥ ದುಬಾರಿ ಪ್ರೈಮ್ ಲೆನ್ಸಿಗೂ ತಪ್ಪಿದ್ದಲ್ಲ. ಅದೇ ಹಕ್ಕಿಯ ಚಿತ್ರಗಳನ್ನು ಒಂದರ ಹಿಂದೊಂದರಂತೆ ಹತ್ತಾರು ತೆಗೆದು ನೋಡಿದಾಗ ಕೆಲವು ಸ್ಪಷ್ಟವಾಗಿದ್ದು, ಕೆಲವು ಒಂದೊಂದು ಬಗೆಯಲ್ಲಿ ತಿರುಚಿದಂತೆ ಕಂಡರೆ ಅಪರಾಧಿ ಗಾಳಿಯೇ. ಬೆಳಗಿನ ತಂಪಿನಲ್ಲಿ ಚಿತ್ರಿಸುವುದು, ಇಲ್ಲವೇ ಹತ್ತಿರವಾಗುವುದು ಬಿಟ್ಟರೆ ಇದಕ್ಕೆ ಬೇರೆ ಉಪಾಯವಿಲ್ಲ. ವಾಹನದ ಬಾನೆಟ್ ಮೇಲಿನಿಂದ ಚಿತ್ರಿಸುವವರು ಎಂಜಿನ್ ನಿಲ್ಲಿಸಿದ ಮೇಲೂ ಅದರ ಕಾವು ಆರುವವರೆಗೆ ಕಾಯಬೇಕಾಗುತ್ತದೆ.

ಎರಡನೆಯದು ಷಟರ್ ವೇಗ. ಲೆನ್ಸಿನಲ್ಲಿರುವ ಕಂಪನ ನಿಯಂತ್ರಣ ನಿಮ್ಮ ಕೈನಡುಕವನ್ನು ತಡೆದೀತೇ ಹೊರತು ತಲೆಯಾಡಿಸುವ ಹಕ್ಕಿಯನ್ನು ನಿಲ್ಲಿಸಲಾರದು. ಕುಳಿತ ಸಣ್ಣ ಹಕ್ಕಿಗೂ 1000ದ ಒಂದು ಭಾಗಕ್ಕಿಂತ ಕಡಿಮೆ ವೇಗವನ್ನು ನಂಬುವಂತಿಲ್ಲ. ಹಾರುವ ಹಕ್ಕಿಗೆ 2000ದ ಒಂದು ಭಾಗ ಅಥವಾ ಅದಕ್ಕೂ ಹೆಚ್ಚಿನ ವೇಗ ಬೇಕು. ಲೆನ್ಸಿನ ಮುಂದೆ ಅಗ್ಗದ ರಕ್ಷಣಾ ಫಿಲ್ಟರ್ ಹಾಕಿದ್ದರೆ ಅದನ್ನೂ ತೆಗೆದಿಡಿ. ಗಿಡ್ಡ ಲೆನ್ಸಿನಲ್ಲಿ ಗಮನಕ್ಕೇ ಬಾರದ ಅದರ ದೋಷ 600 ಮಿ.ಮೀ.ನಲ್ಲಿ ಹಿಗ್ಗಿ ಕಾಣುತ್ತದೆ.

ಇಷ್ಟಾದ ಮೇಲೆ ಮುಂಜಾನೆ ಗಟ್ಟಿ ಟ್ರೈಪಾಡಿನ ಮೇಲೆ ಲೆನ್ಸ್ ಕೂರಿಸಿ, 10-15 ಮೀಟರ್ ದೂರದಲ್ಲಿ ಸಣ್ಣ ಅಕ್ಷರಗಳ ಮುದ್ರಿತ ಹಾಳೆಯನ್ನು ನಿಲ್ಲಿಸಿ, ಎಫ್/6.3ರಲ್ಲೂ ಎಫ್/8ರಲ್ಲೂ ಚಿತ್ರ ತೆಗೆಯಿರಿ. ಎರಡರಲ್ಲೂ ಅಕ್ಷರಗಳು ಚೂಪಾಗಿದ್ದರೆ ಲೆನ್ಸ್ ನಿರ್ದೋಷಿ. ಎಫ್/8ರಲ್ಲಿ ಮಾತ್ರ ಚೂಪಾದರೆ ಅದು ಈ ವರ್ಗದ ಜೂಮ್ ಲೆನ್ಸುಗಳ ಸಹಜ ಸ್ವಭಾವ. ಬೆಳಕಿದ್ದಾಗ ಎಫ್/8ರಲ್ಲೇ ಕೆಲಸ ಮಾಡಿ. ಎರಡರಲ್ಲೂ ಮಸುಕಾಗಿದ್ದು, ಕೈಯಿಂದ ಫೋಕಸ್ ಮಾಡಿದಾಗ ಸರಿಹೋದರೆ ಆಟೊಫೋಕಸ್ ಹೊಂದಾಣಿಕೆ ತಪ್ಪಿರುತ್ತದೆ, ಒಳಗೆ ಕನ್ನಡಿಯಿರುವ ಡಿಎಸ್ಎಲ್ಆರ್ ಕ್ಯಾಮೆರಾಗಳಲ್ಲಿ ಇದು ಅಪರೂಪವೇನಲ್ಲ. ಅನೇಕ ಕ್ಯಾಮೆರಾಗಳ ಮೆನುವಿನಲ್ಲೇ ಇದನ್ನು ತಿದ್ದುವ ಸೌಲಭ್ಯವಿದೆ. ಕೈಯಿಂದ ಫೋಕಸ್ ಮಾಡಿಯೂ ಸರಿಹೋಗದಿದ್ದರೆ ಮಾತ್ರ ಲೆನ್ಸನ್ನು ದುರಸ್ತಿಗೆ ಕೊಡುವ ಇಲ್ಲವೇ ಬದಲಾಯಿಸುವ ಮಾತು.

ಪ್ರಶ್ನೆ: ಅರವತ್ತು ದಾಟಿದ ನನಗೆ ಮೂರು ಕಿಲೋ ಲೆನ್ಸ್ ಹೊರಲು ಆಗದು. ಹಾರುವ ಹಕ್ಕಿಗಳನ್ನು ಕೈಯಲ್ಲೇ ಹಿಡಿದು ಚಿತ್ರಿಸುವ ಆಸೆ. ಹಗುರ ಪ್ರೈಮ್ ಕೊಳ್ಳಲೇ?

ಉತ್ತರ: ನಿಮ್ಮ ವಿಷಯದಲ್ಲಿ ಕೊಳ್ಳಿ ಎಂದು ಹಿಂಜರಿಕೆಯಿಲ್ಲದೆ ಹೇಳುತ್ತೇನೆ. ನಿಕಾನ್ 2018ರಲ್ಲಿ ತಂದ 500 ಮಿ.ಮೀ. ಎಫ್/5.6 ಲೆನ್ಸ್ 1460 ಗ್ರಾಂ ಅಷ್ಟೇ. ಮೇಲೆ ಹೇಳಿದ 600 ಮಿ.ಮೀ. ಎಫ್/6.3 ಅದೇ ದಾರಿಯದು. ಇವುಗಳಲ್ಲಿ ಬಳಸುವ ಫೇಸ್ ಫ್ರೆನೆಲ್ ಗಾಜು ಬೆಳಕಿನ ವಿವರ್ತನೆಯ ಮೂಲಕ ಬಣ್ಣದ ದೋಷವನ್ನು ತಿದ್ದುವುದರಿಂದ ಲೆನ್ಸನ್ನು ಗಿಡ್ಡವಾಗಿಯೂ ಹಗುರವಾಗಿಯೂ ಮಾಡಲು ಸಾಧ್ಯವಾಗಿದೆ. ಫ್ರೇಮಿನಲ್ಲಿ ಪ್ರಖರ ಬೆಳಕಿನ ಮೂಲವಿದ್ದಾಗ ಅದರ ಸುತ್ತ ಬಣ್ಣದ ಬಳೆಗಳು ಮೂಡಬಹುದೆಂಬುದು ಇದರ ಒಂದು ಕುಂದು. ಹಕ್ಕಿಗಳನ್ನು ಚಿತ್ರಿಸುವಾಗ ಅದು ಎದುರಾಗುವುದು ಕಡಿಮೆ. ಬೆಳಕಿನ ದೃಷ್ಟಿಯಿಂದ ಎಫ್/6.3 ಪ್ರೈಮ್ ನಿಮಗೆ ಎಫ್/6.3 ಜೂಮ್ ಲೆನ್ಸಿಗಿಂತ ಒಂದಿಷ್ಟೂ ಹೆಚ್ಚು ಕೊಡುವುದಿಲ್ಲವೆಂಬುದು ನೆನಪಿರಲಿ. ಅಲ್ಲಿ ಕೊಳ್ಳುತ್ತಿರುವುದು ಹಗುರತನವನ್ನು, ಮತ್ತು ಅದರಿಂದಾಗಿ ಕೈ ಸೋಲದೆ ಹಕ್ಕಿಯನ್ನು ಹಿಂಬಾಲಿಸುವ ಅವಕಾಶವನ್ನು.

ಅಭ್ಯಾಸವಾಗುವವರೆಗೆ ಒಂದು ಕಷ್ಟವಿದೆ. 600 ಮಿ.ಮೀ. ಲೆನ್ಸಿನಲ್ಲಿ ಹಕ್ಕಿಯನ್ನು ಹುಡುಕುವುದೆಂದರೆ ಊದುಗೊಳವೆಯಲ್ಲಿ ಆಕಾಶ ನೋಡಿದಂತೆ. ಜೂಮ್ ಇದ್ದವರು 200ರಲ್ಲಿ ಹಕ್ಕಿಯನ್ನು ಕಂಡುಕೊಂಡು 600ಕ್ಕೆ ಹೋಗುತ್ತಾರೆ. ನಿಮಗೆ ಆ ಅನುಕೂಲವಿಲ್ಲ. ಕಣ್ಣನ್ನು ಹಕ್ಕಿಯ ಮೇಲಿಂದ ಕದಲಿಸದೆ ಕ್ಯಾಮೆರಾವನ್ನೇ ಕಣ್ಣಿನ ಬಳಿಗೆ ಎತ್ತುವುದನ್ನು, ಮತ್ತು ಹಕ್ಕಿ ಬರಬಹುದಾದ ದೂರಕ್ಕೆ ಮೊದಲೇ ಫೋಕಸ್ ಮಾಡಿಟ್ಟುಕೊಳ್ಳುವುದನ್ನು ರೂಢಿಸಿಕೊಳ್ಳಿ. ಫೋಕಸ್ ಪೂರ್ತಿ ತಪ್ಪಿದ್ದಾಗ ಹಕ್ಕಿ ಫ್ರೇಮಿನೊಳಗೇ ಇದ್ದರೂ ಕಾಣದಷ್ಟು ಮಸುಕಾಗಿರುತ್ತದೆ.

ಪ್ರಶ್ನೆ: 400 ಮಿ.ಮೀ. ಎಫ್/2.8 ಪ್ರೈಮ್ ಲೆನ್ಸಿಗೆ ಟೆಲಿಕನ್ವರ್ಟರ್ ಹಾಕಿಕೊಂಡರೆ ಜೂಮ್ ಲೆನ್ಸಿನ ಕೆಲಸವೂ ಆಗುವುದಿಲ್ಲವೇ? ಜೂಮ್ ಲೆನ್ಸಿಗೇ ಕನ್ವರ್ಟರ್ ಹಾಕಿದರೆ ಹೇಗೆ?

ಉತ್ತರ: ಮೊದಲನೆಯದು ಆಗುತ್ತದೆ. 1.4 ಪಟ್ಟಿನದು ಒಂದು ಸ್ಟಾಪ್ (ಅಂದರೆ ಅರ್ಧದಷ್ಟು) ಬೆಳಕನ್ನೂ 2 ಪಟ್ಟಿನದು ಎರಡು ಸ್ಟಾಪ್ (ಮುಕ್ಕಾಲು ಪಾಲು) ಬೆಳಕನ್ನೂ ನುಂಗುವುದರಿಂದ 400 ಎಫ್/2.8 ಲೆನ್ಸ್ 560 ಎಫ್/4 ಆಗಿಯೂ 800 ಎಫ್/5.6 ಆಗಿಯೂ ಕೆಲಸ ಮಾಡುತ್ತದೆ. ಆದರೆ ಧೂಳು, ತುಂತುರಿನ ನಡುವೆ ಲೆನ್ಸ್ ಬಿಚ್ಚಿ ಕನ್ವರ್ಟರ್ ಸೇರಿಸುವಷ್ಟು ಹೊತ್ತು ಪ್ರಾಣಿ ಕಾಯುವುದಿಲ್ಲ. ಕನ್ವರ್ಟರನ್ನು ಒಳಗೇ ಅಳವಡಿಸಿದ ಲೆನ್ಸುಗಳು ಬಂದಿರುವುದು ಇದಕ್ಕಾಗಿಯೇ. 600 ಮಿ.ಮೀ. ಎಫ್/6.3 ಜೂಮ್ ಲೆನ್ಸಿಗೆ 1.4 ಪಟ್ಟಿನ ಕನ್ವರ್ಟರ್ ಸೇರಿಸಿದರೆ 840 ಎಫ್/9 ಆಗುತ್ತದೆ. ಮಿರರ್‌ಲೆಸ್ ಕ್ಯಾಮೆರಾಗಳು (ಒಳಗೆ ಕನ್ನಡಿಯಿಲ್ಲದವು) ಅದರಲ್ಲೂ ಫೋಕಸ್ ಮಾಡುತ್ತವೆ, ಒಳ್ಳೆಯ ಬೆಳಕಿದ್ದರೆ. ಡಿಎಸ್ಎಲ್ಆರ್ ಕ್ಯಾಮೆರಾಗಳ ಆಟೊಫೋಕಸ್ ಸಾಮಾನ್ಯವಾಗಿ ಎಫ್/5.6ಕ್ಕೋ, ಹೆಚ್ಚೆಂದರೆ ಎಫ್/8ಕ್ಕೋ ನಿಂತುಬಿಡುತ್ತದೆ. ಅಂಥ ಕ್ಯಾಮೆರಾ ಇದ್ದವರು ಕನ್ವರ್ಟರಿಗೆ ಹಣ ಹಾಕದೆ ಕ್ರಾಪ್ ಮಾಡುವುದೇ ಲೇಸು. 45 ಮೆಗಾಪಿಕ್ಸೆಲ್ ಚಿತ್ರವನ್ನು ಒಂದೂವರೆ ಪಟ್ಟು ಹಿಗ್ಗಿಸಿದಂತೆ ಕ್ರಾಪ್ ಮಾಡಿದರೂ 20 ಮೆಗಾಪಿಕ್ಸೆಲ್ ಉಳಿಯುತ್ತದೆ.

ಪ್ರಶ್ನೆ: ಹಕ್ಕಿಗಳ ಜೊತೆಗೆ ಚಿಟ್ಟೆ, ಓತಿಕ್ಯಾತಗಳನ್ನೂ ಅದೇ ಲೆನ್ಸಿನಲ್ಲಿ ತೆಗೆಯಬಹುದೇ?

ಉತ್ತರ: ಜೂಮ್ ಲೆನ್ಸಿನಲ್ಲಿ ತಕ್ಕಮಟ್ಟಿಗೆ ತೆಗೆಯಬಹುದು, ದೊಡ್ಡ ಪ್ರೈಮ್ ಲೆನ್ಸಿನಲ್ಲಿ ಕಷ್ಟ. ಕೆನಾನ್ 100-500 ಮಿ.ಮೀ. ಜೂಮ್ ತನ್ನ 500ರ ತುದಿಯಲ್ಲೂ 1.2 ಮೀಟರ್ ಹತ್ತಿರಕ್ಕೆ ಫೋಕಸ್ ಮಾಡುತ್ತದೆ. ಅದೇ ಸಂಸ್ಥೆಯ ಮಿರರ್‌ಲೆಸ್ 600 ಎಫ್/4 ಪ್ರೈಮ್ ಲೆನ್ಸಿಗೆ 4.2 ಮೀಟರ್ ಬೇಕು. ಪ್ರೈಮ್ ಈಗಾಗಲೇ ನಿಮ್ಮಲ್ಲಿದ್ದರೆ ಲೆನ್ಸ್ ಮತ್ತು ಕ್ಯಾಮೆರಾದ ನಡುವೆ ಎಕ್ಸ್‌ಟೆನ್ಷನ್ ಟ್ಯೂಬ್ ಹಾಕಿ ಈ ದೂರವನ್ನು ಕಡಿಮೆ ಮಾಡಿಕೊಳ್ಳಬಹುದು. ಟ್ಯೂಬ್ ಇರುವಷ್ಟು ಹೊತ್ತು ದೂರದ ಹಕ್ಕಿ ಫೋಕಸ್ ಆಗುವುದಿಲ್ಲವಾದ್ದರಿಂದ ಓತಿಕ್ಯಾತದ ಚಿತ್ರ ಮುಗಿದೊಡನೆ ಅದನ್ನು ಬಿಚ್ಚಿಡಿ.